ಸಸ್ಯಗಳ ಕುಲಗೋತ್ರ ಬಲ್ಲ ಜಾನಕಿ ಅಮ್ಮಾಳ್

ಭಾರತೀಯ ಸಸ್ಯಶಾಸ್ತ್ರದ ಚರಿತ್ರೆಯಲ್ಲಿ ಡಾ. ಇ.ಕೆ. ಜಾನಕಿ ಅಮ್ಮಾಳ್ ಅವರ ಹೆಸರು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಕೇಳಿಬರುತ್ತದೆ. ಕಬ್ಬಿನ ತಳಿಗಳ ಮಾತು ಬಂದಾಗ ಒಮ್ಮೆ, ಕೇರಳದ ಸೈಲೆಂಟ್ ವ್ಯಾಲಿ ಅರಣ್ಯದ ಮಾತು ಬಂದಾಗ ಇನ್ನೊಮ್ಮೆ. ಇವೆರಡರ ನಡುವೆ ಸುಮಾರು ನಲವತ್ತು ವರ್ಷಗಳ ಅಂತರವಿದೆ. ಆ ಅವಧಿಯಲ್ಲಿ ಅವರು ಮಾಡಿದ ಕೆಲಸ, ಅನುಭವಿಸಿದ ನಿರಾಶೆ ಮತ್ತು ಬಿಡದೆ ಹಿಡಿದ ಹಟ ಜನರಿಗೆ ಅಷ್ಟಾಗಿ ತಿಳಿದಿಲ್ಲ. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ವರ್ಣತಂತುಗಳನ್ನು ಎಣಿಸುತ್ತಿದ್ದ ವಿಜ್ಞಾನಿಯೊಬ್ಬರು ಎಂಬತ್ತರ ವಯಸ್ಸಿನಲ್ಲಿ ಒಂದು ಕಾಡಿನ ಪರವಾಗಿ ನಿಂತದ್ದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಆ ನಡುವಿನ ವರ್ಷಗಳನ್ನೇ ನೋಡಬೇಕು.

ಮಂಗಳೂರಿನಿಂದ ದಕ್ಷಿಣಕ್ಕೆ ರೈಲಿನಲ್ಲಿ ಹೊರಟರೆ ಕಾಸರಗೋಡು, ಕಣ್ಣೂರುಗಳನ್ನು ದಾಟಿದ ಮೇಲೆ ಸಿಗುವ ತಲಶ್ಶೇರಿ ಜಾನಕಿಯವರ ಹುಟ್ಟೂರು. ಜನನ 1897ರ ನವೆಂಬರ್ 4ರಂದು. ತಂದೆ ದಿವಾನ್ ಬಹದ್ದೂರ್ ಇ.ಕೆ. ಕೃಷ್ಣನ್ ಅವರು ಮದ್ರಾಸ್ ಪ್ರಾಂತದಲ್ಲಿ ಸಬ್ ಜಡ್ಜ್ ಆಗಿದ್ದರು. ತಾಯಿ ದೇವಿ ಕುರುವಾಯಿ. ಅದು ತೀಯ ಸಮುದಾಯಕ್ಕೆ ಸೇರಿದ, ಮಕ್ಕಳಿಂದ ತುಂಬಿದ್ದ ದೊಡ್ಡ ಸಂಸಾರ. ತಂದೆಗೆ ಗಿಡಮರಗಳಲ್ಲಿಯೂ ಉತ್ತರ ಮಲಬಾರಿನ ಹಕ್ಕಿಗಳಲ್ಲಿಯೂ ಅಪಾರ ಆಸಕ್ತಿ. ಅವರು ತಮ್ಮ ತೋಟವನ್ನು ಅಕ್ಕರೆಯಿಂದ ಬೆಳೆಸಿದ್ದರು. ಮನೆಯ ಹೆಣ್ಣುಮಕ್ಕಳಿಗೆ ಒಂದರ ಹಿಂದೊಂದು ಮದುವೆಯ ಏರ್ಪಾಡಾಗುತ್ತಿದ್ದ ಕಾಲದಲ್ಲಿ ಜಾನಕಿಯವರು ಓದನ್ನು ಆರಿಸಿಕೊಂಡರು. ಜೀವನಪರ್ಯಂತ ಅವಿವಾಹಿತರಾಗಿಯೇ ಉಳಿದರು.

ತಲಶ್ಶೇರಿಯ ಶಾಲೆಯ ನಂತರ ಮದ್ರಾಸಿನ ಕ್ವೀನ್ ಮೇರಿಸ್ ಕಾಲೇಜು, ಅಲ್ಲಿಂದ ಪ್ರೆಸಿಡೆನ್ಸಿ ಕಾಲೇಜು. ಮುಂದೆ ನಮ್ಮ ಬಿ.ಜಿ.ಎಲ್. ಸ್ವಾಮಿಯವರು ಪ್ರಾಧ್ಯಾಪಕರಾಗಿದ್ದುದು ಇದೇ ಕಾಲೇಜಿನಲ್ಲಿ ಎಂಬುದನ್ನು ಚೆನ್ನೈ ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ. 1921ರಲ್ಲಿ ಸಸ್ಯಶಾಸ್ತ್ರದ ಆನರ್ಸ್ ಪದವಿ ಪಡೆದ ಜಾನಕಿಯವರು ಕೆಲಕಾಲ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳಿದರು. ಏಷ್ಯಾದ ಹೆಣ್ಣುಮಕ್ಕಳ ಉನ್ನತ ವ್ಯಾಸಂಗಕ್ಕೆಂದೇ ಇದ್ದ ಬಾರ್ಬರ್ ವಿದ್ಯಾರ್ಥಿವೇತನ ಅವರನ್ನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಕರೆದೊಯ್ದಿತು. ಅಲ್ಲಿ ಸ್ನಾತಕೋತ್ತರ ಪದವಿ ಪಡೆದು, 1931ರಲ್ಲಿ ಡಾಕ್ಟರೇಟನ್ನೂ ಗಳಿಸಿದರು. ಸಸ್ಯಶಾಸ್ತ್ರದಲ್ಲಿ ಅಮೆರಿಕದ ಡಾಕ್ಟರೇಟ್ ಪಡೆದ ಭಾರತೀಯ ಮಹಿಳೆಯರಲ್ಲಿ ಅವರು ಮೊದಲಿಗರೆಂದು ಪರಿಗಣಿತರಾಗಿದ್ದಾರೆ.

ಅವರು ಆರಿಸಿಕೊಂಡ ಶಾಖೆ ಕೋಶತಳಿವಿಜ್ಞಾನ. ಪ್ರತಿಯೊಂದು ಜೀವಿಯ ಜೀವಕೋಶದಲ್ಲಿಯೂ ವರ್ಣತಂತುಗಳು ನಿಶ್ಚಿತ ಸಂಖ್ಯೆಯಲ್ಲಿರುತ್ತವೆ. ಸಸ್ಯಗಳಲ್ಲಿ ಈ ಸಂಖ್ಯೆ ಕೆಲವೊಮ್ಮೆ ಇಮ್ಮಡಿಯೋ ಮುಮ್ಮಡಿಯೋ ಆಗಿ ಹೊಸ ಬಗೆಗಳು ಹುಟ್ಟುವುದುಂಟು. ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಎರಡು ಗಿಡಗಳು ಬೇರೆ ಬೇರೆ ವಂಶದವಾಗಿರಬಹುದು. ತೀರ ಭಿನ್ನವಾಗಿ ಕಾಣುವ ಗಿಡಗಳು ಹತ್ತಿರದ ದಾಯಾದಿಗಳೂ ಆಗಿರಬಹುದು. ಎಲೆ, ಹೂವು, ಕಾಯಿಗಳನ್ನು ನೋಡಿ ಗಿಡವನ್ನು ಗುರುತಿಸುವುದು ಹಳೆಯ ವಿಧಾನ. ಜೀವಕೋಶದ ಒಳಹೊಕ್ಕು ಅದರ ಕುಲಗೋತ್ರ ವಿಚಾರಿಸುವುದು ಅಂದಿಗೆ ಹೊಸದಾಗಿದ್ದ ವಿಧಾನ. ಜಾನಕಿಯವರು ಈ ಎರಡನೆಯದರಲ್ಲಿ ಪಳಗಿದರು.

ಸ್ವದೇಶಕ್ಕೆ ಮರಳಿ ತಿರುವನಂತಪುರದ ಮಹಾರಾಜರ ವಿಜ್ಞಾನ ಕಾಲೇಜಿನಲ್ಲಿ ಎರಡು ವರ್ಷ ಪ್ರಾಧ್ಯಾಪಕರಾಗಿದ್ದು, 1934ರಲ್ಲಿ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯನ್ನು ಸೇರಿದರು. ರಸ ತುಂಬಿದ ದಪ್ಪ ಕಬ್ಬು ಉತ್ತರ ಭಾರತದ ಹವೆಗೆ ಒಗ್ಗುತ್ತಿರಲಿಲ್ಲ. ಅದನ್ನು ಕಾಡುಕಬ್ಬಿನೊಡನೆ ಸಂಕರಗೊಳಿಸಿ ಗಟ್ಟಿಮುಟ್ಟಾದ ತಳಿಗಳನ್ನು ಪಡೆಯುವ ಕಾರ್ಯ ಆ ಸಂಸ್ಥೆಯಲ್ಲಿ ಮೊದಲೇ ಆರಂಭವಾಗಿತ್ತು. ಈ ಕಾಡುಕಬ್ಬು ಎಂದರೆ ಹೊಳೆಯ ದಂಡೆಗಳಲ್ಲಿ ಬೆಳ್ಳನೆಯ ತೆನೆ ತೂಗಿಸಿ ನಿಲ್ಲುವ ಹುಲ್ಲು. ಸಂಸ್ಕೃತ ಕಾವ್ಯಗಳಲ್ಲಿ ಶರತ್ಕಾಲದ ವರ್ಣನೆ ಬಂದಾಗಲೆಲ್ಲ ಬರುವ ಕಾಶ ಇದೇ. ರೈತನ ಕಣ್ಣಿಗೆ ಇದು ಕಳೆ. ಜಾನಕಿಯವರು ಈ ಕಳೆಯನ್ನು ನಾನಾ ಪ್ರದೇಶಗಳಿಂದ ತರಿಸಿ ಅದರ ವರ್ಣತಂತುಗಳನ್ನು ಎಣಿಸಿದರು. ಒಂದೇ ಹೆಸರಿನ ಈ ಹುಲ್ಲಿನಲ್ಲಿ ವರ್ಣತಂತುಗಳ ಸಂಖ್ಯೆ 40ರಿಂದ 128ರವರೆಗೂ ಇರುತ್ತದೆ ಎಂಬುದು ಇಂದು ತಿಳಿದಿದೆ. ಈ ವೈವಿಧ್ಯವನ್ನು ಆಧರಿಸಿ ಅದರ ಮೂಲನೆಲೆ ಭಾರತವೇ ಆಗಿರಬೇಕೆಂಬ ವಾದಕ್ಕೆ ಅವರು ಬಲ ತಂದರು. ಕಬ್ಬನ್ನು ಜೋಳದೊಡನೆ, ಮುಸುಕಿನ ಜೋಳದೊಡನೆ, ಬೇರೆ ಹುಲ್ಲುಗಳೊಡನೆ ಸಂಕರಗೊಳಿಸುವ ಸಾಹಸವನ್ನೂ ಮಾಡಿದರು. ಮುಂದೆ ಅವರು ಯಾವುದನ್ನು ಕಾಪಾಡಬೇಕೆಂದು ಹೋರಾಡಿದರೋ ಅದರ ಬೀಜ ಇಲ್ಲಿಯೇ ಬಿದ್ದಿತ್ತೆಂದು ನನಗೆ ತೋರುತ್ತದೆ. ಯಾರೂ ಬಿತ್ತದೆ ತಾನಾಗಿ ಬೆಳೆದ ಹುಲ್ಲೊಂದು ಇಡೀ ಸಕ್ಕರೆ ಉದ್ಯಮಕ್ಕೆ ಆಧಾರವಾದುದನ್ನು ಅವರು ಕಣ್ಣಾರೆ ಕಂಡಿದ್ದರು.

1935ರಲ್ಲಿ, ಸರ್ ಸಿ.ವಿ. ರಾಮನ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ಫೆಲೋ ಆಗಿ ಜಾನಕಿಯವರು ಆಯ್ಕೆಯಾದರು. ಹೊರಗೆ ಮನ್ನಣೆ ದೊರೆತರೂ ಕೊಯಮತ್ತೂರಿನಲ್ಲಿ ನೆಮ್ಮದಿ ಇರಲಿಲ್ಲ. ಒಂಟಿ ಹೆಣ್ಣು, ಅದರಲ್ಲಿಯೂ ಹಿಂದುಳಿದ ಜಾತಿಯೆಂದು ಎಣಿಸಲ್ಪಟ್ಟ ಕುಲದವರು. ಗಂಡಸರೇ ತುಂಬಿದ್ದ ಸಂಸ್ಥೆಯಲ್ಲಿ ಇದು ಎಷ್ಟು ಕಷ್ಟವಾಗಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

1939ರಲ್ಲಿ ಎಡಿನ್‌ಬರೋ ನಗರದ ಅಂತಾರಾಷ್ಟ್ರೀಯ ತಳಿವಿಜ್ಞಾನ ಸಮ್ಮೇಳನಕ್ಕೆ ಹೋದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಬ್ರಿಟನ್ನಿನಲ್ಲಿಯೇ ಉಳಿದು ಲಂಡನ್ ಬಳಿಯ ಜಾನ್ ಇನ್ಸ್ ತೋಟಗಾರಿಕಾ ಸಂಸ್ಥೆಯಲ್ಲಿ ಸಂಶೋಧಕರಾದರು. ರಾತ್ರಿ ಬಾಂಬು ಬೀಳುವಾಗ ಮಂಚದ ಕೆಳಗೆ ಸೇರಿಕೊಳ್ಳುವುದು, ಬೆಳಗಾದೊಡನೆ ಒಡೆದ ಗಾಜನ್ನು ಗುಡಿಸಿ ಕೆಲಸಕ್ಕೆ ಕೂರುವುದು ಆ ದಿನಗಳ ಕ್ರಮವಾಗಿತ್ತಂತೆ. ಸೀರೆಯ ನೆರಿಗೆಯಲ್ಲಿ ಬಚ್ಚಿಟ್ಟು ತಂದ ಅಳಿಲೊಂದು ಅಲ್ಲಿ ಅವರ ಜತೆಗಿತ್ತೆಂದೂ ಹೇಳುತ್ತಾರೆ. ಅಲ್ಲಿನ ಖ್ಯಾತ ವಿಜ್ಞಾನಿ ಸಿ.ಡಿ. ಡಾರ್ಲಿಂಗ್ಟನ್ ಅವರೊಡಗೂಡಿ 1945ರಲ್ಲಿ ಪ್ರಕಟಿಸಿದ ಕೃಷಿಸಸ್ಯಗಳ ವರ್ಣತಂತು ಕೋಶವು ಮನುಷ್ಯ ಬೆಳೆಸುವ ಗಿಡಗಳು ಎಲ್ಲಿ ಹುಟ್ಟಿ ಎಲ್ಲಿಗೆ ಸಾಗಿದವೆಂಬುದನ್ನು ತಿಳಿಯಲು ಆಧಾರಗ್ರಂಥವಾಯಿತು. ನಂತರ ವಿಸ್ಲಿಯ ರಾಯಲ್ ತೋಟಗಾರಿಕಾ ಸಂಘದಲ್ಲಿ 1951ರವರೆಗೆ ಕೆಲಸ ಮಾಡಿದರು. ಅಲ್ಲಿ ಮ್ಯಾಗ್ನೋಲಿಯ ಸಸಿಗಳಿಗೆ ಕಾಲ್ಚಿಸಿನ್ ಎಂಬ ರಾಸಾಯನಿಕವನ್ನು ಬಳಸಿ ವರ್ಣತಂತುಗಳನ್ನು ಇಮ್ಮಡಿಗೊಳಿಸಿದರು. ಅವರ ಹೆಸರನ್ನೇ ಹೊತ್ತ ಒಂದು ಮ್ಯಾಗ್ನೋಲಿಯ ತಳಿ ಅಲ್ಲಿ ವಸಂತದಲ್ಲಿ ಬಿಳಿಯ ಹೂ ಬಿಡುತ್ತದೆ.

ಮ್ಯಾಗ್ನೋಲಿಯ ಎಂದರೆ ಪರದೇಶದ ಹೂವೆಂದು ಭಾವಿಸಬೇಕಾಗಿಲ್ಲ. ಅದು ಸಂಪಿಗೆಯ ಮನೆತನ. ನಮ್ಮ ಅಂಗಳದ ಕೆಂಡಸಂಪಿಗೆಯನ್ನು ವಿಜ್ಞಾನಿಗಳು ಬಹುಕಾಲ ಮೈಕೇಲಿಯ ಎಂಬ ಕುಲದಲ್ಲಿಟ್ಟಿದ್ದರು. ಈಗ ಅದನ್ನೂ ಮ್ಯಾಗ್ನೋಲಿಯ ಕುಲಕ್ಕೆ ಸೇರಿಸಿದ್ದಾರೆ. ವರ್ಗೀಕರಣವೆಂಬುದು ಒಮ್ಮೆ ಬರೆದು ಬೀಗ ಹಾಕಿಡುವ ಲೆಕ್ಕದ ಪುಸ್ತಕವಲ್ಲ ಎನ್ನಲು ಇದೊಂದೇ ಉದಾಹರಣೆ ಸಾಕು.

ಪ್ರಧಾನಿ ಜವಾಹರಲಾಲ್ ನೆಹರೂ ಅವರ ಆಹ್ವಾನದ ಮೇರೆಗೆ ಜಾನಕಿಯವರು 1951ರಲ್ಲಿ ಭಾರತಕ್ಕೆ ಹಿಂದಿರುಗಿದರು. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯನ್ನು ಪುನಾರಚಿಸುವ ವಿಶೇಷ ಅಧಿಕಾರಿಯಾಗಿ 1952ರಲ್ಲಿ ನೇಮಕಗೊಂಡರು. 1890ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಗಿದ್ದ ಆ ಸಂಸ್ಥೆ ಸ್ವಾತಂತ್ರ್ಯ ಬರುವ ವೇಳೆಗೆ ಹೆಸರಿಗೆ ಮಾತ್ರ ಉಳಿದಿತ್ತು. ಅವರು ಕಂಡ ತೊಡಕು ಅದಕ್ಕಿಂತಲೂ ಆಳವಾಗಿತ್ತು.

ಯಾವುದೇ ಸಸ್ಯಕ್ಕೆ ಶಾಸ್ತ್ರೀಯ ಹೆಸರಿಡುವಾಗ ಆ ಗಿಡದ ಒಂದು ಒಣಗಿಸಿದ ಮಾದರಿಯನ್ನು ಹಾಳೆಗೆ ಅಂಟಿಸಿ ಸಂಗ್ರಹದಲ್ಲಿಡುತ್ತಾರೆ. ಅದೇ ಮೂಲ ಮಾದರಿ. ಮುಂದೆ ಎಂದಾದರೂ ಕಾಡಿನಲ್ಲಿ ಸಿಕ್ಕ ಗಿಡ ಅದೇ ಹೌದೋ ಅಲ್ಲವೋ ಎಂಬ ಸಂದೇಹ ಬಂದರೆ ಆ ಹಾಳೆಯೊಂದಿಗೆ ಹೋಲಿಸಿಯೇ ತೀರ್ಮಾನಿಸಬೇಕು. ಜೋಸೆಫ್ ಹೂಕರ್ ಅವರ ಏಳು ಸಂಪುಟಗಳ ಬ್ರಿಟಿಷ್ ಇಂಡಿಯಾದ ಸಸ್ಯಕೋಶ ಮುಗಿದದ್ದು 1897ರಲ್ಲಿ, ಅಂದರೆ ಜಾನಕಿಯವರು ಹುಟ್ಟಿದ ವರ್ಷವೇ. ಅದರ ಆಧಾರವಾಗಿದ್ದ ಮಾದರಿಗಳಲ್ಲಿ ಬಹುಪಾಲು ಇದ್ದುದು ಲಂಡನ್ನಿನ ಕ್ಯೂ ಉದ್ಯಾನದಂತಹ ಸಂಗ್ರಹಗಳಲ್ಲಿ. ಗಿಡ ಇರುವುದು ಸಹ್ಯಾದ್ರಿಯಲ್ಲಿ, ಅದರ ಗುರುತಿನ ಸಾಕ್ಷಿ ಇರುವುದು ಸಮುದ್ರದಾಚೆ. ತನ್ನ ಕಾಡಿನಲ್ಲಿ ಏನೇನಿದೆ ಎಂದು ತಿಳಿಯಲು ಪರದೇಶದ ಬೀರು ತೆರೆಯಬೇಕಾದ ನಾಡು ಅಲ್ಲಿಂದ ಯಾವುದು ಕಾಣೆಯಾಯಿತೆಂದು ಹೇಗೆ ತಿಳಿದೀತು? ಭಾರತದ ಗಿಡಗಳನ್ನು ಭಾರತದಲ್ಲಿ, ಅವು ಬೆಳೆಯುವ ನೆಲದಲ್ಲಿಯೇ ಅಭ್ಯಸಿಸಬೇಕು, ಒಣಗಿದ ಎಲೆಯ ಜತೆಗೆ ಜೀವಕೋಶದ ಸಾಕ್ಷ್ಯವನ್ನೂ ಸೇರಿಸಬೇಕು ಎಂಬುದು ಜಾನಕಿಯವರ ನಿಲುವಾಗಿತ್ತು.

ಪುನಾರಚನೆ ನಡೆಯಿತು. 1954ರ ನಂತರ ಕೊಯಮತ್ತೂರು, ಪುಣೆ, ಶಿಲ್ಲಾಂಗ್, ಡೆಹ್ರಾಡೂನ್‌ಗಳಲ್ಲಿ ಪ್ರಾದೇಶಿಕ ಕೇಂದ್ರಗಳು ಬಂದವು. ಆದರೆ ಸಂಸ್ಥೆಯ ಮುಖ್ಯ ಸಸ್ಯಶಾಸ್ತ್ರಜ್ಞರ ಹುದ್ದೆ 1954ರಲ್ಲಿ ಫಾದರ್ ಎಚ್. ಸಂತಾಪಾವ್ ಅವರಿಗೆ ಸಂದಿತು. ಮುಂಬಯಿಯ ಹಳಬರಿಗೆ ಸಂತ ಝೇವಿಯರ್ ಕಾಲೇಜಿನ ಈ ಗುರುಗಳ ಹೆಸರು ಗೊತ್ತಿರುತ್ತದೆ. ಸ್ಪೇನ್‌ನಲ್ಲಿ ಹುಟ್ಟಿ, ಭಾರತದ ಪೌರತ್ವ ಪಡೆದು, ಖಂಡಾಲ ಘಟ್ಟದ ಸಸ್ಯಗಳ ಬಗ್ಗೆ ಗ್ರಂಥ ಬರೆದ ವಿದ್ವಾಂಸರು ಅವರು. ಅವರ ಯೋಗ್ಯತೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಜಾನಕಿಯವರ ಕಣ್ಣಿಗೆ ಇದು ಕ್ಯೂ ಪರಂಪರೆಯ ಗೆಲುವಾಗಿ ಕಂಡಿತು. ತಾವು ಕಟ್ಟಬಯಸಿದ ಹೊಸ ದಾರಿ ಮುಚ್ಚಿಹೋಯಿತೆಂದು ಅವರು ನೊಂದುಕೊಂಡರು. ಈ ವಿವಾದದಲ್ಲಿ ಒಬ್ಬರನ್ನು ಸರಿ, ಇನ್ನೊಬ್ಬರನ್ನು ತಪ್ಪು ಎನ್ನುವುದು ನ್ಯಾಯವಾಗಲಾರದು. ಎಲೆ, ಹೂವು ನೋಡಿ ಗುರುತಿಸುವ ವಿದ್ಯೆಯಿಲ್ಲದೆ ಜೀವಕೋಶದ ಲೆಕ್ಕವೂ ನಿಲ್ಲುವುದಿಲ್ಲ. ಆದರೂ ಪ್ರಧಾನಿಯ ಕರೆಗೆ ಓಗೊಟ್ಟು ಇಂಗ್ಲೆಂಡಿನ ಸುಭದ್ರ ಉದ್ಯೋಗ ಬಿಟ್ಟು ಬಂದವರಿಗೆ ಆದ ನೋವು ಸಣ್ಣದಲ್ಲ. ಮುಂದೆ ಅವರು ಅದೇ ಸಂಸ್ಥೆಯ ಕೇಂದ್ರ ಸಸ್ಯಶಾಸ್ತ್ರ ಪ್ರಯೋಗಾಲಯವನ್ನು ಅಲಹಾಬಾದಿನಲ್ಲಿ ನಡೆಸಿದರು.

ಈ ಕಾಲದಲ್ಲಿ ಅವರು ದೇಶವನ್ನು ಸುತ್ತಿದರು. ಹಿಮಾಲಯದ ಈಶಾನ್ಯ ಭಾಗದಲ್ಲಿ ಚೀನಾ ಮತ್ತು ಮಲಯ ದಿಕ್ಕಿನ ಸಸ್ಯಗಳು ನಮ್ಮವುಗಳೊಡನೆ ಬೆರೆತು ಸಹಜ ಸಂಕರಗಳಾಗಿವೆ, ಆದುದರಿಂದಲೇ ಚಳಿಯ ಜತೆಗೆ ತೇವವೂ ಇರುವ ಆ ಭಾಗದಲ್ಲಿ ಒಣಹವೆಯ ವಾಯವ್ಯ ಹಿಮಾಲಯಕ್ಕಿಂತ ಹೆಚ್ಚು ಹೊಸ ಪ್ರಭೇದಗಳು ಹುಟ್ಟಿವೆ ಎಂದು ವರ್ಣತಂತುಗಳ ಆಧಾರದಿಂದ ತೋರಿಸಿಕೊಟ್ಟರು. ಅಂತಹ ಸಂಚಾರವೊಂದರ ಸಂಗತಿಯನ್ನು ಅವರು ಡಾರ್ಲಿಂಗ್ಟನ್ ಅವರಿಗೆ ಬರೆದು ತಿಳಿಸಿದ್ದರು. ಅಸ್ಸಾಮಿನ ಆ ಭಾಗದಲ್ಲಿ ಗ್ರಿಫಿತ್ ಅವರ ಹೆಸರಿನ ಮ್ಯಾಗ್ನೋಲಿಯ ಮರ ಒಂದೇ ಒಂದು ಉಳಿದಿತ್ತು. ಅದನ್ನು ನೋಡಲು ಜಾನಕಿಯವರು ಶಿಲ್ಲಾಂಗಿನಿಂದ 37 ಮೈಲಿ ಪ್ರಯಾಣ ಮಾಡಿದರು. ಹೋಗಿ ನೋಡಿದರೆ ಮರವನ್ನು ಸುಟ್ಟುಹಾಕಲಾಗಿತ್ತು.

ಹೆಚ್ಚು ಆಹಾರ ಬೆಳೆಯಿರಿ ಎಂಬ ಘೋಷಣೆಯಡಿ ಕಾಡು ಕಡಿದು ಹೊಲ ಮಾಡುತ್ತಿದ್ದ ದಿನಗಳವು. ಹಸಿದ ದೇಶಕ್ಕೆ ಅನ್ನ ಬೇಕಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಬೆಳೆ ಹೆಚ್ಚಿಸುವ ವಿಜ್ಞಾನದಲ್ಲಿಯೇ ಹೆಸರು ಮಾಡಿದ್ದ ಜಾನಕಿಯವರಿಗೆ ಇದು ಇತರರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ನಾಳೆಯ ಕಬ್ಬಿಗೆ ಬೇಕಾದ ಕಾಡುಹುಲ್ಲು, ನಾಳೆಯ ಔಷಧಿಗೆ ಬೇಕಾದ ಬಳ್ಳಿ ಇಂದು ಕಡಿಯುವ ಕಾಡಿನಲ್ಲಿಯೇ ಇರುತ್ತದೆ. ಸಂಗ್ರಹಾಲಯದ ಹಾಳೆಯ ಮೇಲೆ ಹೆಸರಿದ್ದ ಮಾತ್ರಕ್ಕೆ ಗಿಡ ಉಳಿಯುವುದಿಲ್ಲವೆಂಬುದನ್ನು ಆ ಸುಟ್ಟ ಮರ ಅವರಿಗೆ ತಿಳಿಸಿದ್ದಿರಬೇಕು.

1955ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಭೂಮಿಯ ಮುಖವನ್ನು ಮನುಷ್ಯ ಬದಲಿಸಿದ ಬಗೆಯನ್ನು ಕುರಿತು ಒಂದು ಮಹತ್ತ್ವದ ವಿಚಾರಸಂಕಿರಣ ನಡೆಯಿತು. ಆಹ್ವಾನಿತ ವಿದ್ವಾಂಸರಲ್ಲಿ ಜಾನಕಿಯವರೊಬ್ಬರೇ ಮಹಿಳೆ. ಅಲ್ಲಿ ಅವರು ಭಾರತದ ಜೀವನಾಧಾರ ಕೃಷಿಯನ್ನು ಕುರಿತು ಪ್ರಬಂಧ ಮಂಡಿಸಿ, ಗಿರಿಜನರು ಸಸ್ಯಗಳನ್ನು ಬಳಸುವ ರೀತಿಯನ್ನೂ ಗಿಡಗಳನ್ನು ಕಾಪಾಡಿಕೊಂಡು ಬಂದ ಹೆಂಗಸರ ಪಾತ್ರವನ್ನೂ ಎತ್ತಿ ಹೇಳಿದರು. ಸಸ್ಯ ಸರ್ವೇಕ್ಷಣ ಸಂಸ್ಥೆಯಲ್ಲಿ ಜನಪದ ಸಸ್ಯಜ್ಞಾನದ ಅಧ್ಯಯನ ಆರಂಭವಾದುದು ಅವರ ಆಸ್ಥೆಯಿಂದ. ಮುಂದೆ ಅದನ್ನು ಬೆಳೆಸಿದವರು ಡಾ. ಎಸ್.ಕೆ. ಜೈನ್. ಕಾಡಿನ ಗಿಡಕ್ಕೆ ಲ್ಯಾಟಿನ್ ಹೆಸರು ಬರುವ ಎಷ್ಟೋ ಶತಮಾನಗಳ ಮೊದಲೇ ಸೋಲಿಗರೋ ಕಾಡುಕುರುಬರೋ ಅದಕ್ಕೊಂದು ಹೆಸರಿಟ್ಟು ಉಪಯೋಗವನ್ನೂ ಕಂಡುಕೊಂಡಿರುತ್ತಾರೆ ಎಂಬುದು ನಮಗೇನೂ ಹೊಸ ಮಾತಲ್ಲ. ಅಂದಿನ ಸರಕಾರಿ ವಿಜ್ಞಾನಕ್ಕೆ ಅದು ಹೊಸದಾಗಿತ್ತು.

ನಿವೃತ್ತಿಯ ವಯಸ್ಸು ದಾಟಿದ ಮೇಲೆಯೂ ಜಾನಕಿಯವರು ಸುಮ್ಮನೆ ಕೂರಲಿಲ್ಲ. ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದಲ್ಲಿ ಔಷಧೀಯ ಸಸ್ಯಗಳ ಕೆಲಸ, ಅಲ್ಪಕಾಲ ಮುಂಬಯಿ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಸೇವೆ, 1970ರ ಕೊನೆಗೆ ಮದ್ರಾಸು. ಮದ್ರಾಸ್ ವಿಶ್ವವಿದ್ಯಾಲಯದ ಗೌರವ ವಿಜ್ಞಾನಿಯಾಗಿ ಊರ ಹೊರಗಿನ ಮಧುರವಾಯಲ್ ಪ್ರಯೋಗಕ್ಷೇತ್ರದಲ್ಲಿ ನೆಲೆಸಿದರು. ಹಳದಿ ಬಣ್ಣದ ಸೀರೆ, ಮಿತವಾದ ಊಟ, ಸುತ್ತ ಔಷಧಿ ಗಿಡಗಳು, ಮನೆ ತುಂಬ ಬೆಕ್ಕುಗಳು. ಆ ಬೆಕ್ಕುಗಳ ಮರಿಗಳಲ್ಲಿ ಯಾವ ಲಕ್ಷಣ ಯಾರಿಂದ ಬಂತೆಂದೂ ಗಮನಿಸುತ್ತಿದ್ದರೆಂದು ಅವರನ್ನು ಬಲ್ಲವರು ನೆನೆದಿದ್ದಾರೆ. 1977ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು.

ಇಷ್ಟರಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಸಿದ್ಧವಾಗಿತ್ತು. 1973ರಲ್ಲಿ ಯೋಜನಾ ಆಯೋಗದ ಒಪ್ಪಿಗೆಯೂ ದೊರೆತಿತ್ತು. ಮೊದಲ ಹಂತದಲ್ಲಿ 120 ಮೆಗಾವಾಟ್ ವಿದ್ಯುತ್ತು ದೊರೆಯುವುದೆಂಬ ಲೆಕ್ಕ. ಮುಳುಗುವುದು ಸುಮಾರು 8.3 ಚದರ ಕಿಲೋಮೀಟರ್ ಕಾಡು. ಇಷ್ಟು ಚಿಕ್ಕ ತುಂಡಿಗಾಗಿ ಇಷ್ಟು ಗಲಾಟೆಯೇಕೆ ಎಂದು ಯೋಜನೆಯ ಪರವಾದವರು ಕೇಳುತ್ತಿದ್ದರು. ಮುಳುಗುವುದು ಕಣಿವೆಯ ತಳ. ಅಲ್ಲಿನ ತೇವ, ನೆರಳು, ಮಣ್ಣಿಗೆ ಹೊಂದಿಕೊಂಡ ಗಿಡಗಳು ನೀರು ಬಂತೆಂದು ಗುಡ್ಡ ಹತ್ತಿ ಹೋಗಲಾರವು. ಇಳಿಜಾರಿನ ಕಾಡು ಉಳಿದರೂ ಅವು ಉಳಿಯುವುದಿಲ್ಲ. ನಮ್ಮ ಶರಾವತಿ, ಅಘನಾಶಿನಿ ಕೊಳ್ಳಗಳಲ್ಲಿರುವ ಸಿಂಗಳೀಕಗಳ ಬಳಗ ಅಲ್ಲಿಯೂ ಇದ್ದು, ಆ ಪ್ರಾಣಿಯೇ ಹೋರಾಟದ ಲಾಂಛನದಂತಾಯಿತು.

ಕೇರಳ ಶಾಸ್ತ್ರಸಾಹಿತ್ಯ ಪರಿಷತ್ತು, ಕವಯಿತ್ರಿ ಸುಗತಕುಮಾರಿ, ಪಕ್ಷಿತಜ್ಞ ಸಲೀಂ ಅಲಿ ಮೊದಲಾದವರು ಯೋಜನೆಯನ್ನು ವಿರೋಧಿಸಿದರು. ಅವರೊಡನೆ ದನಿಗೂಡಿಸಿದ ಜಾನಕಿಯವರಿಗೆ ಆಗ ಎಂಬತ್ತರ ಆಸುಪಾಸು. ಭಾಷಣಕ್ಕಿಂತ ತಮಗೆ ಗೊತ್ತಿದ್ದ ಕೆಲಸವನ್ನೇ ಅವರು ಮುಂದಿಟ್ಟರು. ಆ ಕಣಿವೆಯ ಸಸ್ಯಗಳ ವರ್ಣತಂತು ಸಮೀಕ್ಷೆ ಮಾಡುವುದಾಗಿ ಸಾರಿದರು. ಏನು ಮುಳುಗಲಿದೆ ಎಂಬುದನ್ನು ತಿಳಿಯದೆ ಮುಳುಗಿಸಬಾರದೆಂಬುದು ಅದರ ಅರ್ಥ. 1952ರಲ್ಲಿ ಸರಕಾರದ ಅಧಿಕಾರಿಯಾಗಿ ಅವರು ಕೇಳಿದ್ದೂ ಇದನ್ನೇ: ಗಿಡವನ್ನು ಅದು ಬೆಳೆಯುವ ನೆಲದಲ್ಲಿ ಮೊದಲು ಅರಿಯಬೇಕು. ದೇಶದ ಪ್ರಗತಿಗಾಗಿ ದುಡಿಯಲು ಕರೆಸಿಕೊಂಡ ವಿಜ್ಞಾನಿ ಆ ಪ್ರಗತಿಯ ದೊಡ್ಡ ಸಂಕೇತವಾದ ಅಣೆಕಟ್ಟಿಗೇ ಎದುರಾಗಿ ನಿಲ್ಲಬೇಕಾಯಿತು. ಅವರ ಸಮಕಾಲೀನ ವಿಜ್ಞಾನಿಗಳಲ್ಲಿ ಇಂತಹ ಧೈರ್ಯ ತೋರಿದವರು ಹೆಚ್ಚಿಲ್ಲ. ಸರಿಸುಮಾರು ಅದೇ ಕಾಲದಲ್ಲಿ ಉತ್ತರ ಕನ್ನಡದ ಬೇಡ್ತಿ ಯೋಜನೆಯ ವಿರುದ್ಧವೂ ಜನ ಎದ್ದುನಿಂತಿದ್ದರು.

ಪ್ರೊ. ಎಂ.ಜಿ.ಕೆ. ಮೆನನ್ ಅವರ ಸಮಿತಿಯ ಅಧ್ಯಯನದ ನಂತರ, 1983ರ ನವೆಂಬರ್‌ನಲ್ಲಿ ಸೈಲೆಂಟ್ ವ್ಯಾಲಿ ಯೋಜನೆಯನ್ನು ಕೈಬಿಡಲಾಯಿತು. 1984ರ ಫೆಬ್ರವರಿ 7ರಂದು ಜಾನಕಿ ಅಮ್ಮಾಳ್ ಅವರು ತೀರಿಕೊಂಡರು. ಅವರಿಗೆ 86 ವರ್ಷ ವಯಸ್ಸಾಗಿತ್ತು.

ಅಪಾಯದಲ್ಲಿರುವ ಸಸ್ಯಗಳನ್ನು ಗುರುತಿಸಿ ದಾಖಲಿಸುವ ಕೆಂಪು ದತ್ತಾಂಶ ಪುಸ್ತಕಗಳ ಮೂರು ಸಂಪುಟಗಳನ್ನು ಸಸ್ಯ ಸರ್ವೇಕ್ಷಣ ಸಂಸ್ಥೆಯು 1987ರಿಂದ 1990ರ ನಡುವೆ ಹೊರತಂದಿತು. ಕೇಂದ್ರ ಸರಕಾರ ಸಸ್ಯ ಹಾಗೂ ಪ್ರಾಣಿಗಳ ವರ್ಗೀಕರಣ ವಿಜ್ಞಾನಕ್ಕೆ ಜಾನಕಿಯವರ ಹೆಸರಿನಲ್ಲಿ ರಾಷ್ಟ್ರಪ್ರಶಸ್ತಿ ಸ್ಥಾಪಿಸಿತು. ಜಮ್ಮುವಿನ ಒಣಸಸ್ಯ ಸಂಗ್ರಹಕ್ಕೆ ಅವರ ಹೆಸರಿದೆ. ಕೊಡೈಕನಾಲಿನ ಗುಲಾಬಿ ತಳಿಗಾರರಾದ ವೀರರಾಘವನ್ ದಂಪತಿ ತಾವು ರೂಪಿಸಿದ ಹಳದಿ ಗುಲಾಬಿಯೊಂದಕ್ಕೂ ಅವರ ಹೆಸರನ್ನೇ ಇಟ್ಟಿದ್ದಾರೆ. ಇನ್ನು ಆ ಕಣಿವೆ: ಅವರು ಅಗಲಿದ ಒಂಬತ್ತು ತಿಂಗಳ ಮೇಲೆ, 1984ರ ನವೆಂಬರ್ 15ರಂದು ಸೈಲೆಂಟ್ ವ್ಯಾಲಿಯ ಸುಮಾರು 89.5 ಚದರ ಕಿಲೋಮೀಟರ್ ಅರಣ್ಯವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 1986ರಲ್ಲಿ ರಚನೆಯಾದ ನೀಲಗಿರಿ ಜೀವಗೋಳ ಮೀಸಲು ಪ್ರದೇಶದಲ್ಲಿ ನಮ್ಮ ಬಂಡೀಪುರ, ನಾಗರಹೊಳೆಗಳ ಜತೆಗೆ ಅದೂ ಸೇರಿದೆ.